ಸ್ಪ್ರೇ ಡಬ್ಬಿಗೆ ಸಿಕ್ಕ ಕೀರ್ತಿ

ಸ್ವೇಡ್ ಚರ್ಮದ ಬೂಟಿನ ಮೇಲೆ ಒಂದು ಲೋಟ ನೀರು ಸುರಿಯುತ್ತಾರೆ. ನೀರು ಒಳಗಿಳಿಯದೆ ಮಣಿಮಣಿಯಾಗಿ ಜಾರಿ ಬೀಳುತ್ತದೆ. ಅಂಗಡಿಯ ಹುಡುಗ ಗಿರಾಕಿಯ ಮುಖ ನೋಡುತ್ತಾನೆ, ನೀರು ತಡೆಯುವ ಸ್ಪ್ರೇ ಡಬ್ಬಿ ಮಾರಾಟವಾಗುತ್ತದೆ. ಶೂಗಳನ್ನು ವಿಮರ್ಶಿಸುವವರ ವಿಡಿಯೊಗಳಲ್ಲೂ ಇದೇ ದೃಶ್ಯ. ಸ್ವೇಡನ್ನು ನೀರಿನಿಂದ ಕಾಪಾಡುವ ಚರ್ಚೆಯೆಲ್ಲ ಈ ಒಂದು ಪ್ರದರ್ಶನದ ಸುತ್ತಲೇ ಗಿರಕಿ ಹೊಡೆಯುತ್ತಿದೆ. ನನ್ನ ತಕರಾರು ಇಲ್ಲಿಂದಲೇ ಶುರು. ಸ್ಪ್ರೇಗೆ ಯೋಗ್ಯತೆ ಮೀರಿದ ಹೆಸರು ಬಂದಿದೆ. ಸ್ವೇಡಿನ ಆಯಸ್ಸನ್ನು ನಿಜವಾಗಿ ನಿರ್ಧರಿಸುವ ಕೆಲಸ, ಅಂದರೆ ನೆಂದಮೇಲೆ ಒಣಗಿಸುವ ಕ್ರಮ, ಯಾರ ಲೆಕ್ಕಕ್ಕೂ ಇಲ್ಲ.

ಇಂಥ ಸ್ಪ್ರೇಗಳ ಕತೆ ಶುರುವಾದದ್ದೇ ಬೇರೆ ಕಡೆ. 1953ರಲ್ಲಿ ತ್ರೀಎಂ ಕಂಪನಿಯ ಪ್ರಯೋಗಾಲಯದಲ್ಲಿ ಒಂದು ದ್ರವ ಕ್ಯಾನ್ವಾಸ್ ಶೂ ಮೇಲೆ ಚೆಲ್ಲಿದ್ದು, ಆ ಜಾಗಕ್ಕೆ ಮಾತ್ರ ಕೊಳೆ ಹಿಡಿಯದ್ದನ್ನು ಪ್ಯಾಟ್ಸಿ ಶೆರ್ಮನ್ ಮತ್ತು ಸ್ಯಾಮ್ಯುಯೆಲ್ ಸ್ಮಿತ್ ಬೆನ್ನುಹತ್ತಿದ್ದು, 1956ರಲ್ಲಿ ಬಟ್ಟೆಗೆ ಕೊಳೆ ಹಿಡಿಯದಂತೆ ಮಾಡುವ ಲೇಪವಾಗಿ ಸ್ಕಾಚ್‌ಗಾರ್ಡ್ ಮಾರುಕಟ್ಟೆಗೆ ಬಂದದ್ದು ಬಲ್ಲವರಿಗೆ ಹೊಸದಲ್ಲ. ಆ ಕತೆಯಲ್ಲಿ ಇರುವುದು ಬಟ್ಟೆ ಮತ್ತು ಕೊಳೆ. ಚರ್ಮ ಮತ್ತು ಮಳೆ ಆಮೇಲೆ ಸೇರಿಕೊಂಡವು.

ಆ ಲೋಟದ ನೀರನ್ನೇ ಸ್ವಲ್ಪ ನಿಧಾನವಾಗಿ ನೋಡೋಣ. ಬೂಟು ಮೇಜಿನ ಮೇಲಿದೆ, ಒಳಗೆ ಕಾಲಿಲ್ಲ. ನೀರು ಬೀಳುವುದು ಬೂಟಿನ ಮೂತಿಯ ಮೇಲೆ. ಅದು ಇಳಿಜಾರು, ನೀರು ಅಲ್ಲಿ ನಿಲ್ಲುವುದು ಒಂದೆರಡು ಕ್ಷಣ ಮಾತ್ರ. ಸ್ಪ್ರೇ ಹೊಡೆದದ್ದು ಇತ್ತೀಚೆಗೆ, ಒಂದು ಹೆಜ್ಜೆಯೂ ಸವೆದಿಲ್ಲ. ಹೀಗೆ ಎಲ್ಲವೂ ಸ್ಪ್ರೇಗೆ ಅನುಕೂಲವಾಗಿರುವ ಕಡೆ ಅದು ಗೆದ್ದರೆ ಅದರಲ್ಲಿ ಹೆಚ್ಚೇನಿದೆ?

ಇಂಥ ಹಲವು ಸ್ಪ್ರೇಗಳಲ್ಲಿರುವ ಫ್ಲೋರಿನ್ ಪಾಲಿಮರ್ ಚರ್ಮದ ಒಂದೊಂದು ಎಳೆಯ ಮೇಲೂ ತೆಳ್ಳಗೆ ಕೂತು, ನೀರು ಅದಕ್ಕೆ ಅಂಟದಂತೆ ಮಾಡುತ್ತದೆ. ಎಳೆಗಳ ನಡುವಿನ ಸಂದುಗಳನ್ನು ಅದು ಮುಚ್ಚುವುದಿಲ್ಲ. ಮುಚ್ಚದಿರುವುದು ಅದರ ಗುಣವೇ ಸರಿ, ಕಾಲಿನ ಬೆವರು ಆವಿಯಾಗಿ ಹೊರಹೋಗುವುದು ಆ ಸಂದುಗಳಿಂದಲೇ. ಆದರೆ ಹಾಗಿರುವಾಗ ಹನಿಯನ್ನು ಹೊರಗೆ ತಡೆದಿರುವುದು ನೀರಿನ ಮೇಲ್ಮೈ ಸೆಳೆತ ಮಾತ್ರ. ಒತ್ತಡ ಬಿದ್ದರೆ ಅದು ಸೋಲುತ್ತದೆ. ನಿಂತ ನೀರಿನಲ್ಲಿ ಮೈಭಾರ ಹಾಕಿ ಹೆಜ್ಜೆಯಿಟ್ಟಾಗ, ಕಾಲ್ಬೆರಳುಗಳ ಬುಡದಲ್ಲಿ ಬೂಟು ಮಡಿಚಿಕೊಳ್ಳುವ ಜಾಗದಲ್ಲಿ ಆಗುವುದು ಅದೇ. ಲೇಪ ಮೊದಲು ಉಜ್ಜಿಹೋಗುವುದೂ ಅಲ್ಲಿಯೇ. ಹೊಲಿಗೆಯ ತೂತುಗಳ ಮಾತನ್ನಂತೂ ಯಾರೂ ಎತ್ತುವುದಿಲ್ಲ. ದಾರ ನೀರನ್ನು ಹೀರಿ ಒಳಕ್ಕೆ ಒಯ್ಯುತ್ತದೆ. ಇನ್ನು ನಮ್ಮ ಪೇಟೆಗಳ ರಸ್ತೆಯ ಮಳೆನೀರಿನಲ್ಲಿ ಕೆಸರು, ಎಣ್ಣೆ, ಸೋಪಿನ ಅಂಶ ಎಲ್ಲವೂ ಇರುತ್ತವೆ. ಸೋಪು ಬೆರೆತ ನೀರು ಮಣಿಯಾಗಿ ನಿಲ್ಲದೆ ಹರಡಿಕೊಂಡು ಇಳಿದುಬಿಡುತ್ತದೆ.

ಚರ್ಮೋದ್ಯಮಕ್ಕೆ ಇದೆಲ್ಲ ಚೆನ್ನಾಗಿ ಗೊತ್ತು. ಚರ್ಮ ನೀರನ್ನು ಎಷ್ಟು ತಡೆಯುತ್ತದೆಂದು ಅಳೆಯುವ ಐಎಸ್ಒ 5403 ಮಾನದಂಡದಲ್ಲಿ ಪೆನೆಟ್ರೋಮೀಟರ್ ಎಂಬ ಯಂತ್ರವಿದೆ. ಚರ್ಮದ ತುಂಡನ್ನು ತೊಟ್ಟಿಯಂತೆ ಬಾಗಿಸಿ, ನೀರಿನಲ್ಲಿ ಅರ್ಧ ಮುಳುಗಿಸಿ, ನಡೆಯುವಾಗ ಬೂಟು ಮಡಿಯುವ ಹಾಗೆ ಮತ್ತೆ ಮತ್ತೆ ಮಡಿಸುತ್ತಾರೆ. ನೀರು ಮೊದಲು ಒಳಗೆ ಕಾಣಿಸಿದ ಹೊತ್ತನ್ನೂ ಚರ್ಮ ಕುಡಿದ ನೀರಿನ ತೂಕವನ್ನೂ ಬರೆದುಕೊಳ್ಳುತ್ತಾರೆ. ವಿಮರ್ಶಕರೆನಿಸಿಕೊಂಡವರು ಈ ಎರಡು ಅಂಕಿಗಳನ್ನು ಕೇಳಬೇಕಿತ್ತು. ಕೇಳದೆ ಲೋಟ ಹಿಡಿದು ನಿಂತರು.

ಇಷ್ಟು ಹೇಳಿದ ಕೂಡಲೇ ಎದುರಾಗುವ ವಾದ ಒಂದಿದೆ: ದನ ಮಳೆಯಲ್ಲೇ ನಿಂತಿರುತ್ತದೆ, ಅದರ ಚರ್ಮಕ್ಕೆ ಏನಾಗಿದೆ? ಹಾಸ್ಯಗಾರ ವೇದಿಕೆಯ ಮೇಲೆ ಕೇಳಿದರೆ ನಗಬಹುದು. ಆರೈಕೆಯ ಬಗ್ಗೆ ಬರೆಯುವವರು ಗಂಭೀರವಾಗಿ ಎತ್ತಿದಾಗ ಸಹಿಸಲಾಗದು. ದನದ ಮೈಮೇಲೆ ಕೂದಲಿದೆ, ಕೂದಲಿನ ಬುಡದಲ್ಲಿ ಜಿಡ್ಡು ಒಸರುವ ಗ್ರಂಥಿಗಳಿವೆ, ಎಲ್ಲಕ್ಕಿಂತ ಮೇಲೆ ಹೊರಚರ್ಮವಿದೆ. ಹದ ಮಾಡುವ ಮೊದಲು ಸುಣ್ಣದಲ್ಲಿ ಹಾಕಿದಾಗಲೇ ಕೂದಲೂ ಹೊರಚರ್ಮವೂ ಹೋಗುತ್ತವೆ. ಸ್ವೇಡ್ ಅದಕ್ಕೂ ಒಳಗಿನದು: ಮಾಂಸದ ಕಡೆಯ ಮೈ, ಇಲ್ಲವೇ ಸೀಳಿ ತೆಗೆದ ಒಳಪದರ, ಅದನ್ನು ಉಜ್ಜಿ ಎಳೆ ಎಬ್ಬಿಸಿರುತ್ತಾರೆ. ಬದುಕಿರುವ ದನದಲ್ಲಿ ಆ ಮೈ ಮಳೆಯನ್ನು ಕಂಡದ್ದೇ ಇಲ್ಲ. ಮೇಲಾಗಿ, ಹೋದ ಜಿಡ್ಡಿನ ಬದಲು ಚರ್ಮ ಮೆತ್ತಗಿರಲೆಂದು ತುಂಬುವ ಎಣ್ಣೆಗಳು ಸಾಮಾನ್ಯವಾಗಿ ನೀರಿನೊಡನೆ ಬೆರೆಯುವಂತೆ ಮಾಡಿದವು. ಅವುಗಳ ಅಂಶ ಚರ್ಮದಲ್ಲಿ ಉಳಿದು ನೀರನ್ನು ಒಳಕ್ಕೆ ಕರೆಯುತ್ತದೆ.

ಸ್ವೇಡಿನ ಡೆಸರ್ಟ್ ಬೂಟನ್ನು ಮುಂದೊಡ್ಡುವ ಇನ್ನೊಂದು ಗುಂಪಿದೆ. ಸೈನ್ಯದವರು ತೊಟ್ಟದ್ದು, ಅದಕ್ಕೆ ಯಾವ ಆರೈಕೆಯೂ ಬೇಡ ಎನ್ನುತ್ತಾರೆ ಇವರು. ಕ್ಲಾರ್ಕ್ಸ್ ಶೂ ಕಂಪನಿಯ ನೇಥನ್ ಕ್ಲಾರ್ಕ್ 1941ರಲ್ಲಿ ಬರ್ಮಾಕ್ಕೆ ಹೋದಾಗ ಅಧಿಕಾರಿಗಳ ಕಾಲಲ್ಲಿ ಕಂಡ ಆ ಬೂಟುಗಳು ಕೈರೋದ ಬಜಾರಿನಲ್ಲಿ ಹೊಲಿದವು. ಮಳೆಯೇ ಅಪರೂಪವಾದ ನಾಡಿನಲ್ಲಿ ಮರಳು ತುಳಿಯಲು ಹುಟ್ಟಿದ ವಸ್ತು ಅದು. 1950ರಲ್ಲಿ ಕ್ಲಾರ್ಕ್ಸ್ ಅದನ್ನು ಮಾರುಕಟ್ಟೆಗೆ ತಂದಮೇಲೆ ಅಂಟಿಕೊಂಡ ಸೈನ್ಯದ ಹೆಸರನ್ನು ಮಳೆ ತಡೆಯುವ ಶಕ್ತಿ ಎಂದು ಓದಿಕೊಳ್ಳುವುದಕ್ಕೆ ಚರಿತ್ರೆಯಲ್ಲಿ ಆಧಾರವಿಲ್ಲ.

ಸ್ಪ್ರೇ ಪೂರ್ತಿ ವ್ಯರ್ಥವೇನಲ್ಲ. ತುಂತುರು ಮಳೆಗೆ, ಚೆಲ್ಲಿದ ಕಾಫಿಗೆ, ಒರೆಸಿಕೊಳ್ಳಲು ಬೇಕಾದಷ್ಟು ಸಮಯವನ್ನು ಅದು ಕೊಡುತ್ತದೆ. ಆ ಸಮಯಕ್ಕೆ ತೆತ್ತ ಬೆಲೆಯನ್ನೂ ಹೇಳಬೇಕು. ಸ್ಕಾಚ್‌ಗಾರ್ಡ್‌ಗೆ ಬಳಕೆಯಾಗುತ್ತಿದ್ದ ಪಿಎಫ್ಒಎಸ್ ಗುಂಪಿನ ರಾಸಾಯನಿಕಗಳನ್ನು ಕೈಬಿಡುವುದಾಗಿ ತ್ರೀಎಂ 2000ದಲ್ಲಿ ಪ್ರಕಟಿಸಿತು. 2009ರಲ್ಲಿ ಪಿಎಫ್ಒಎಸ್ ವಿಷಕಾರಿ ರಾಸಾಯನಿಕಗಳನ್ನು ನಿರ್ಬಂಧಿಸುವ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಸೇರಿತು. ಫ್ರಾನ್ಸ್ ಪಿಎಫ್ಒಎಸ್ ಸೇರಿದ ಇಡೀ ಕುಲದ ರಾಸಾಯನಿಕಗಳಿರುವ ಬಟ್ಟೆ, ಪಾದರಕ್ಷೆ ಮತ್ತು ಅವುಗಳಿಗೆ ಹೊಡೆಯುವ ಸ್ಪ್ರೇಗಳನ್ನು 2026ರ ಜನವರಿಯಿಂದ ನಿಷೇಧಿಸುವ ಕಾನೂನು ಮಾಡಿದೆ. ಉಸಿರಿನ ಅಪಾಯ ಬೇರೆ. 1992ರ ಡಿಸೆಂಬರ್‌ನಲ್ಲಿ ಅಮೆರಿಕದ ಒರೆಗಾನ್‌ನಲ್ಲಿ ಚರ್ಮಕ್ಕೆ ಹೊಡೆಯುವ ಸ್ಪ್ರೇ ಬಳಸಿದವರು ಕೆಮ್ಮಿ, ಉಸಿರು ಸಿಗದೆ ನರಳಿದ ಪ್ರಕರಣಗಳನ್ನು ಅಲ್ಲಿನ ರೋಗ ನಿಯಂತ್ರಣ ಕೇಂದ್ರ ದಾಖಲಿಸಿದೆ. ಮುಚ್ಚಿದ ಕೋಣೆಯಲ್ಲಿ ಈ ಡಬ್ಬಿಯನ್ನು ಒತ್ತಲೇಬಾರದು.

ನೀರು ತಡೆಯುವ ಸ್ವೇಡ್ ಬೇಕೇ ಬೇಕೆಂದರೆ ಅದನ್ನು ಹದ ಮಾಡುವ ಕಾರ್ಖಾನೆಯಲ್ಲೇ ಮಾಡಬೇಕು. ಲೀಡ್ಸ್‌ನ ಚಾರ್ಲ್ಸ್ ಎಫ್. ಸ್ಟೆಡ್ ಕಾರ್ಖಾನೆಯ ರಿಪೆಲ್ಲೊ ಎಂಬ ಸ್ವೇಡ್ ಅಂಥದ್ದು. ಮೇಲಿಂದ ಹೊಡೆದ ಲೇಪಕ್ಕೂ ಹದ ಮಾಡುವಾಗಲೇ ಚರ್ಮದ ಒಳಕ್ಕೆ ಇಳಿದ ಗುಣಕ್ಕೂ ಹೋಲಿಕೆಯೇ ಇಲ್ಲ.

ಉಳಿದ ಸ್ವೇಡ್ ನೆನೆಯುತ್ತದೆ, ನೆನೆಯಲಿ. ಹಾನಿಯಲ್ಲಿ ಬಹುಪಾಲು ಆಗುವುದು ಒಣಗುವಾಗ. ಒದ್ದೆಯಾದ ಜಾಗದ ಅಂಚಿನಲ್ಲಿ ನೀರು ಬೇಗ ಆವಿಯಾಗುತ್ತದೆ. ಅಲ್ಲಿಗೆ ಒಳಗಿನ ನೀರು ಹರಿದುಬರುತ್ತ ಬಣ್ಣ, ಲವಣ, ಧೂಳನ್ನು ಹೊತ್ತು ತಂದು ಬಿಟ್ಟುಹೋಗುತ್ತದೆ. ಮೇಜಿನ ಮೇಲೆ ಚೆಲ್ಲಿದ ಕಾಫಿ ಒಣಗಿದಾಗ ಅಂಚಿಗೆ ಗಾಢ ಗೆರೆ ಕೂರುವುದೂ ಹೀಗೆಯೇ. ಹಾಗಾಗಿ ಗೆರೆ ಬಿದ್ದ ಜಾಗವನ್ನಷ್ಟೇ ತಿಕ್ಕಿದರೆ ಹೊಸ ಗೆರೆ ಬೀಳುತ್ತದೆ. ಒದ್ದೆ ಸ್ಪಂಜಿನಿಂದ ಆ ತುಂಡು ಚರ್ಮವನ್ನು ಹೊಲಿಗೆಯಿಂದ ಹೊಲಿಗೆಯವರೆಗೆ ಒಂದೇ ಸಮನಾಗಿ ತೇವ ಮಾಡಬೇಕು. ಆಗ ಅಂಚೇ ಇರುವುದಿಲ್ಲ. ಬಣ್ಣ ಬಿಡುತ್ತದೆಯೇ ಎಂದು ಬೂಟಿನ ನಾಲಿಗೆಯ ಒಳಬದಿಯಲ್ಲಿ ಮೊದಲು ನೋಡಿಕೊಳ್ಳುವುದು ಕ್ಷೇಮ.

ಆಮೇಲೆ ಬೂಟಿನೊಳಗೆ ಅಚ್ಚಿಲ್ಲದ ಬಿಳಿ ಕಾಗದ ತುರುಕಿ, ಅದು ಒದ್ದೆಯಾದಂತೆ ಬದಲಿಸುತ್ತ, ನೆರಳಲ್ಲಿ ಬಿಡಬೇಕು. ಹೇರ್ ಡ್ರೈಯರ್ ಹಿಡಿಯುವವರು, ಒಲೆಯ ಪಕ್ಕ ಇಡುವವರು ಒಂದು ಮಾತು ತಿಳಿಯಬೇಕು: ಒದ್ದೆ ಚರ್ಮ ಒಣ ಚರ್ಮಕ್ಕಿಂತ ಬಹಳ ಕಡಿಮೆ ಬಿಸಿಗೇ ಸೆಡೆಯುತ್ತದೆ, ಸೆಡೆತದ್ದು ಮತ್ತೆ ಹಿಗ್ಗುವುದಿಲ್ಲ. ಪೂರ್ತಿ ಒಣಗಿದ ಮೇಲೆ ಒಂದಕ್ಕೊಂದು ಅಂಟಿ ಗಟ್ಟಿಯಾದ ಎಳೆಗಳನ್ನು ರಬ್ಬರ್ ಬ್ರಷ್‌ನಿಂದ ಮೊದಲು ಎಲ್ಲ ದಿಕ್ಕಿಗೂ, ಕೊನೆಗೆ ಒಂದೇ ದಿಕ್ಕಿಗೆ ಎಬ್ಬಿಸಬೇಕು. ಸತ್ತಂತೆ ಕಾಣುತ್ತಿದ್ದ ಬಣ್ಣ ಆಗಲೇ ಮರಳಿ ಬರುವುದು.

ಮಲೆನಾಡಿನಲ್ಲಿ, ಕರಾವಳಿಯಲ್ಲಿ ಮಳೆಗಾಲದ ಗಾಳಿಯೇ ಒದ್ದೆ. ಅಲ್ಲಿ ನೆರಳಿನ ಜೊತೆಗೆ ಫ್ಯಾನ್ ಗಾಳಿಯೂ ಬೇಕು, ಇಲ್ಲದಿದ್ದರೆ ಒಣಗುವ ಮೊದಲೇ ಬೂಷ್ಟು ಹಿಡಿಯುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡುವುದಂತೂ ಬೂಷ್ಟಿಗೆ ಕೊಟ್ಟ ಆಹ್ವಾನ. ಜಾಕೆಟ್ ಆದರೆ ಜೇಬುಗಳನ್ನು ಹೊರಗೆಳೆದು, ಜಿಪ್ ತೆರೆದು, ಹೆಗಲು ಅಗಲವಿರುವ ಹ್ಯಾಂಗರಿಗೆ ಹಾಕಬೇಕು. ಹೊರಗಿನ ಚರ್ಮ ಒಣಗಿದ ಮೇಲೂ ಒಳಗಿನ ಅಸ್ತರಿ ಬಹಳ ಹೊತ್ತು ತೇವವಾಗಿಯೇ ಇರುತ್ತದೆ. ಬೀರುವಿನೊಳಗೆ ಇಡುವ ಮೊದಲು ಕಂಕುಳ ಬಳಿಯ ಅಸ್ತರಿಯನ್ನು ಮುಟ್ಟಿ ನೋಡಬೇಕು.