ನಾಲ್ಕು ಹೆಸರುಗಳಿಲ್ಲದ ತೀರ್ಪು

1924ರ ಏಪ್ರಿಲ್ 1ರಂದು ಮ್ಯೂನಿಕ್ ನಗರದ ಜನತಾ ನ್ಯಾಯಾಲಯವು ರಾಜದ್ರೋಹದ ಅಪರಾಧಕ್ಕಾಗಿ ಅಡಾಲ್ಫ್ ಹಿಟ್ಲರನಿಗೆ ಐದು ವರ್ಷಗಳ ಸೆರೆವಾಸವನ್ನು ವಿಧಿಸಿತು. ಆ ಅಪರಾಧಕ್ಕೆ ಕಾನೂನು ಗೊತ್ತುಪಡಿಸಿದ್ದ ಕನಿಷ್ಠ ಶಿಕ್ಷೆ ಅದೇ. ಆ ತೀರ್ಪನ್ನು ಒಂದು ಬರಹವೆಂದು ಪರಿಶೀಲಿಸಿದರೆ, ಅದು ಹೇಳಿದ ಮಾತುಗಳಿಗಿಂತ ಹೇಳದೆ ಬಿಟ್ಟ ಮಾತುಗಳೇ ಹೆಚ್ಚು ಕಳವಳವನ್ನುಂಟುಮಾಡುತ್ತವೆ.

ನಡೆದದ್ದು ಇಷ್ಟು. 1923ರ ನವೆಂಬರ್ 8ರ ರಾತ್ರಿ, ಬವೇರಿಯಾದ ಆಡಳಿತಾಧಿಕಾರಿ ಗುಸ್ತಾವ್ ಫಾನ್ ಕಾರ್ ಮದ್ಯಶಾಲೆಯೊಂದರ ಸಭಾಂಗಣದಲ್ಲಿ ಭಾಷಣ ಮಾಡುತ್ತಿದ್ದಾಗ ಹಿಟ್ಲರ್ ಸಶಸ್ತ್ರ ಅನುಚರರೊಡನೆ ನುಗ್ಗಿ, ಸೂರಿನತ್ತ ಗುಂಡು ಹಾರಿಸಿ, ಸರ್ಕಾರವು ಉರುಳಿತೆಂದು ಸಾರಿದನು. ಮರುದಿನ ಮಧ್ಯಾಹ್ನದ ಹೊತ್ತಿಗೆ ಆ ಕ್ಷಿಪ್ರಕ್ರಾಂತಿ ಮುಗಿದಿತ್ತು. ಅಂದಿನ ಘರ್ಷಣೆಗಳಲ್ಲಿ ನಾಲ್ವರು ಪೊಲೀಸರು ಪ್ರಾಣ ತೆತ್ತರು. ದಂಗೆಕೋರರ ಕಡೆಯಲ್ಲಿ ಎಣಿಸಲಾದ ಸತ್ತವರು 16 ಮಂದಿ. ಅವರಲ್ಲೊಬ್ಬನು ಬರಿಯ ದಾರಿಹೋಕ, ಹೋಟೆಲಿನ ಮಾಣಿ.

ವಿಚಾರಣೆಯಲ್ಲಿ ಆರೋಪಿಗೆ ಗಂಟೆಗಟ್ಟಲೆ ಮಾತನಾಡಲು ಅವಕಾಶವಿತ್ತು. ಮ್ಯೂನಿಕ್ಕಿನ ಆಚೆ ಹೆಚ್ಚು ಪರಿಚಿತನಲ್ಲದ ವ್ಯಕ್ತಿಯ ಮಾತನ್ನು ಪತ್ರಿಕೆಗಳು ಜರ್ಮನಿಯ ಮನೆಮನೆಗೆ ಮುಟ್ಟಿಸಿದವು. ಸೋತ ದಂಗೆಯಿಂದ ದೊರೆಯದ ಕೀರ್ತಿ ಕಟಕಟೆಯಿಂದ ದೊರೆಯಿತು. ಆತನು 1922ರಲ್ಲೇ ಸಭೆಯೊಂದರಲ್ಲಿ ನಡೆಸಿದ ಗಲಭೆಗಾಗಿ ಶಿಕ್ಷೆ ಪಡೆದು, ಅದರ ಉಳಿದ ಭಾಗವು ಸನ್ನಡತೆಯ ಷರತ್ತಿನ ಮೇಲೆ ತಡೆಹಿಡಿಯಲ್ಪಟ್ಟಿತ್ತು. ನ್ಯಾಯಾಲಯವು ಅದನ್ನು ಕಡೆಗಣಿಸಿತು. ಆಸ್ಟ್ರಿಯಾದ ಪ್ರಜೆಯಾದ ಅವನನ್ನು ಗಣರಾಜ್ಯ ಸಂರಕ್ಷಣಾ ಕಾಯಿದೆಯಂತೆ ಗಡೀಪಾರು ಮಾಡಬೇಕಿತ್ತು. ಇಷ್ಟೊಂದು ಜರ್ಮನನಾಗಿ ಚಿಂತಿಸುವವನಿಗೆ ಆ ವಿಧಿ ಅನ್ವಯಿಸದೆಂದು ನ್ಯಾಯಾಧೀಶರು ಬಗೆದರು! ದಂಗೆಕೋರರು ಮುದ್ರಣಾಲಯಗಳಿಂದ ಬಲಾತ್ಕಾರವಾಗಿ ಒಯ್ದ ನೋಟಿನ ಕಂತೆಗಳ ವಿಷಯಕ್ಕೂ ತಕ್ಕ ತೂಕ ಸಿಗಲಿಲ್ಲ. ಆ ತಿಂಗಳ ನಡುವಿನಾಚೆಗೆ ಒಂದು ಡಾಲರಿಗೆ 4.2 ಲಕ್ಷ ಕೋಟಿ ಮಾರ್ಕುಗಳಾಗಿದ್ದವು, ಕಾಗದಕ್ಕೆ ಬೆಲೆಯಿರಲಿಲ್ಲವೆನ್ನಬಹುದು. ಬೆಲೆ ಕುಸಿದ ಮಾತ್ರಕ್ಕೆ ಪರಸ್ವತ್ತು ಸ್ವಂತದ್ದಾಗುವುದೇ?

ಆರೋಪಿಗಳು ಶುದ್ಧ ದೇಶಭಕ್ತಿಯಿಂದ ಪ್ರೇರಿತರಾದವರೆಂಬುದೇ ತೀರ್ಪಿನ ಆಧಾರಸ್ತಂಭ. ಉಳಿತಾಯವೆಲ್ಲ ಕರಗಿಹೋದ ಕುಟುಂಬಗಳ ಸಿಟ್ಟಿಗೆ ನಿಜವಾದ ಕಾರಣವಿತ್ತು, ಅದನ್ನು ಅಲ್ಲಗಳೆಯಲಾಗದು. ಆದರೆ ಉದ್ದೇಶದ ಶುದ್ಧಿಯನ್ನು ಅಳೆಯಲು ಕೈಯಿಂದಾದ ಹಿಂಸೆಯನ್ನೇ ಲೆಕ್ಕದಿಂದ ತೆಗೆದರೆ ಉಳಿಯುವುದು ಅಳತೆಯಲ್ಲ, ಪಕ್ಷಪಾತ. ಸತ್ತ ನಾಲ್ವರು ಪೊಲೀಸರ ಉಲ್ಲೇಖವೇ ತೀರ್ಪಿನಲ್ಲಿಲ್ಲ.

1924ರ ಡಿಸೆಂಬರ್ 20ರಂದು ಹಿಟ್ಲರ್ ಬಿಡುಗಡೆ ಹೊಂದಿದನು. ಸೆರೆಯಲ್ಲಿ ಸಿದ್ಧವಾದ 'ಮೈನ್ ಕಾಂಫ್' 1925ರಲ್ಲಿ ಪ್ರಕಟವಾಯಿತು. ಅದರ ಅರ್ಪಣೆಯಲ್ಲಿ, ದಾರಿಹೋಕ ಮಾಣಿಯನ್ನೂ ಸೇರಿಸಿಕೊಂಡು, 16 ಹೆಸರುಗಳಿವೆ. ನ್ಯಾಯಾಲಯವು ಬಿಟ್ಟ ಜಾಗದಲ್ಲಿ ಅಪರಾಧಿಯು ತನ್ನ ಹುತಾತ್ಮರ ಪಟ್ಟಿಯನ್ನು ಬರೆದುಕೊಂಡನು. ತೀರ್ಪೊಂದೇ ಅವನನ್ನು ಮೇಲೆತ್ತಿತೆಂದರೆ ಅತಿಶಯೋಕ್ತಿಯಾದೀತು. 1928ರ ಚುನಾವಣೆಯಲ್ಲಿ ಅವನ ಪಕ್ಷಕ್ಕೆ ಬಂದದ್ದು ಶೇ. 2.6ರಷ್ಟು ಮತ, ಆರ್ಥಿಕ ಕುಸಿತದ ಬಳಿಕ 1930ರಲ್ಲಿ ಶೇ. 18.3. ಆದರೂ ಗಡೀಪಾರಾದವನು ಆ ಕುಸಿತದ ಫಲವನ್ನು ಕೊಯ್ಯಲು ಅಲ್ಲಿರುತ್ತಿದ್ದನೇ ಎಂಬ ಪ್ರಶ್ನೆ ಉಳಿಯುತ್ತದೆ. 1933ರಲ್ಲಿ ಅಧಿಕಾರವು ಅವನ ಕೈಸೇರಿದ ಮೇಲೆ, ತೀರ್ಪು ನೀಡಿದ ಗೇಯೋರ್ಗ್ ನೈಟ್‌ಹಾರ್ಟ್ ಮ್ಯೂನಿಕ್ಕಿನ ಉಚ್ಚ ಪ್ರಾದೇಶಿಕ ನ್ಯಾಯಾಲಯದ ಅಧ್ಯಕ್ಷರಾದರು.

ಫ್ರೀಡ್ರಿಕ್ ಫಿಂಕ್, ನಿಕೊಲಾಸ್ ಹೊಲ್ವೆಗ್, ಮಾಕ್ಸ್ ಶೋಬರ್ಟ್, ರುಡಾಲ್ಫ್ ಶ್ರಾವುಟ್: ಈ ನಾಲ್ವರ ನೆನಪಿನ ಫಲಕವು ಘಟನೆ ನಡೆದ ಚೌಕದ ಬಳಿಯ ಅರಮನೆಯ ಗೋಡೆಯನ್ನು ಸೇರಿದ್ದು 2010ರಲ್ಲಿ.