ಪರದೆಯ ಮೇಲಿನ ದಾನ

ಟಿ.ವಿ.ಯಲ್ಲಿ ಸಹಾಯನಿಧಿ ಕೂಡಿಸುವ ರಾತ್ರಿಗಳ ಕುರಿತು ಬರೆಯಹೊರಟವರಿಗೆ ಆರಂಭದಲ್ಲೇ ಒಂದು ಇಕ್ಕಟ್ಟು. ಟೀಕಿಸಿದರೆ, ‘ಕಷ್ಟದಲ್ಲಿದ್ದವರಿಗೆ ನಾಲ್ಕು ಕಾಸು ಸಿಕ್ಕಿದ್ದು ನಿಮಗೆ ಬೇಡವೆ?’ ಎಂಬ ಪ್ರಶ್ನೆ ಎದುರಾಗುತ್ತದೆ. ಹೊಗಳಿದರೆ, ಆ ಬೆಳಕು, ಆ ಚಪ್ಪಾಳೆ, ಹತ್ತಿರದಿಂದ ತೋರಿಸುವ ಆ ಕಣ್ಣೀರು ನಮ್ಮಲ್ಲಿ ಹುಟ್ಟಿಸಿದ ಇರಿಸುಮುರಿಸನ್ನು ನುಂಗಿಕೊಳ್ಳಬೇಕಾಗುತ್ತದೆ. ಆದರೂ ಇದು ಒಂದು ಕಲಾಪ್ರಕಾರ. ಅದಕ್ಕೂ ವಸ್ತುವಿದೆ, ವಿನ್ಯಾಸವಿದೆ, ಸೂತ್ರಧಾರನಿದ್ದಾನೆ. ನಾಟಕವನ್ನೋ ಆಟವನ್ನೋ ವಿಮರ್ಶಿಸುವ ನಾವು ಇದನ್ನು ಮಾತ್ರ ಪುಣ್ಯಕಾರ್ಯವೆಂದು ವಿಮರ್ಶೆಯಿಂದ ಹೊರಗಿಡುವುದು ಸರಿಯಲ್ಲ.

ಟೆಲಿವಿಷನ್ ಮತ್ತು ಮ್ಯಾರಥಾನ್ ಎಂಬ ಪದಗಳನ್ನು ಬೆಸೆದು ಇದಕ್ಕೆ ‘ಟೆಲಿಥಾನ್’ ಎಂದು ಹೆಸರಿಟ್ಟವರು ಅಮೆರಿಕದವರು. ಅಲ್ಲಿ ಸೆಪ್ಟೆಂಬರಿನ ಮೊದಲ ಸೋಮವಾರ ಕಾರ್ಮಿಕರ ದಿನ. 1966ರಿಂದ 2010ರ ತನಕ ಆ ರಜೆಯ ಹೊತ್ತಿಗೆ ಹಾಸ್ಯನಟ ಜೆರ್ರಿ ಲೂಯಿಸ್ ಸ್ನಾಯುಕ್ಷಯದ ರೋಗಿಗಳಿಗಾಗಿ ಒಂದು ಕಾರ್ಯಕ್ರಮ ನಡೆಸಿಕೊಡುತ್ತಿದ್ದರು. ಬಹಳ ವರ್ಷ ಅದು ಇಪ್ಪತ್ತು ಗಂಟೆಗೂ ಮೀರಿ ನಡೆಯುತ್ತಿತ್ತು. ಹಾಡು, ಹಾಸ್ಯ, ಖ್ಯಾತನಾಮರ ಭೇಟಿ, ನಡುನಡುವೆ ಗಾಲಿಕುರ್ಚಿಯ ಮಕ್ಕಳು, ಹಿಂದೆ ಏರುತ್ತ ಹೋಗುವ ಮೊತ್ತದ ಫಲಕ. ನಮ್ಮಲ್ಲಿ ಬೆಳಗಿನ ಜಾವಕ್ಕೆ ಆಟ ರಂಗೇರುವಂತೆ ಅಲ್ಲಿಯೂ ಕೊನೆಗೆ ರಸ ಉಕ್ಕುತ್ತಿತ್ತು. ಟೈ ಸಡಿಲಿಸಿ, ದಣಿದು, ಒದ್ದೆಗಣ್ಣಾಗಿ ನಿಂತ ಲೂಯಿಸ್ ಹಾಡಿ ಮುಗಿಸುವ ದೃಶ್ಯಕ್ಕಾಗಿಯೇ ಜನ ಕಾಯುತ್ತಿದ್ದರು. ಅವರ ಕಾಲದಲ್ಲಿ ಕೂಡಿದ ಹಣ 200 ಕೋಟಿ ಡಾಲರಿಗೂ ಹೆಚ್ಚು.

ಆ ಮಕ್ಕಳನ್ನು ‘ಜೆರ್ರಿಯ ಮಕ್ಕಳು’ ಎಂದು ಕರೆಯುತ್ತಿದ್ದರು. ಆದರೆ ಮಕ್ಕಳು ಬೆಳೆಯುತ್ತಾರೆ. ಕಾರ್ಯಕ್ರಮಕ್ಕೆ ಇದು ಹೊಳೆದಂತಿಲ್ಲ. ಇವಾನ್ ಕೆಂಪ್ ಗಾಲಿಕುರ್ಚಿ ಬಳಸುತ್ತಿದ್ದ ವಕೀಲರು. 1981ರಲ್ಲಿ ಅವರು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಲೇಖನ ಬರೆದು, ಈ ಕಾರ್ಯಕ್ರಮ ಅಂಗವಿಕಲರೆಲ್ಲರನ್ನೂ ಎಂದೂ ದೊಡ್ಡವರಾಗದ ಮಕ್ಕಳೆಂಬಂತೆ ತೋರಿಸುತ್ತದೆ, ಆ ಭಾವನೆಯೇ ಅವರ ಬದುಕಿಗೆ ಅಡ್ಡಗೋಡೆಯಾಗುತ್ತದೆ ಎಂದು ವಾದಿಸಿದರು. ಕೆಂಪ್ ಅವರ ಹೆತ್ತವರು ಆ ಸಂಸ್ಥೆಯನ್ನು ಕಟ್ಟಲು ದುಡಿದವರು ಎಂಬುದನ್ನೂ ಇಲ್ಲಿ ನೆನೆಯಬೇಕು. 1990ರ ದಶಕದ ಆರಂಭದಲ್ಲಿ ಮೈಕ್ ಎರ್ವಿನ್ ಮತ್ತು ಅವರ ಸಹೋದರಿ ಕ್ರಿಸ್ ಮ್ಯಾಥ್ಯೂಸ್ ಬೀದಿಗಿಳಿದರು. ಎಳವೆಯಲ್ಲಿ ಇದೇ ಸಂಸ್ಥೆಯ ಭಿತ್ತಿಪತ್ರಗಳಲ್ಲಿ ನಗುತ್ತ ನಿಂತಿದ್ದವರು ಇವರು. ತಮ್ಮ ಗುಂಪಿಗೆ ‘ಜೆರ್ರಿಯ ಅನಾಥರು’ ಎಂದು ಹೆಸರಿಟ್ಟುಕೊಂಡರು. ಆ ಹೆಸರಿನಲ್ಲಿರುವ ಚುಚ್ಚನ್ನು ವಿವರಿಸಬೇಕಾಗಿಲ್ಲ.

ಇಷ್ಟಕ್ಕೇ ನಿಲ್ಲಿಸಿದರೆ ನ್ಯಾಯವಾಗದು. ಡುಷೆನ್ ಎಂಬ ಸ್ನಾಯುಕ್ಷಯಕ್ಕೆ ಕಾರಣವಾದ ಜೀನನ್ನು ಲೂಯಿ ಕುಂಕೆಲ್ ಮತ್ತು ಸಂಗಡಿಗರು 1986ರಲ್ಲಿ ಪತ್ತೆಹಚ್ಚಿದರು. ಆ ಸಂಶೋಧನೆಗೆ ನೆರವಾದದ್ದು ಇದೇ ಸಂಸ್ಥೆ. ಅಂದರೆ ಲೂಯಿಸ್ ಅವರ ಕಣ್ಣೀರಿಗೆ ಪ್ರಯೋಗಶಾಲೆಯಲ್ಲಿ ಬೆಲೆ ಬಂತು. ಅವಮಾನವಾಯಿತು ಎಂದವರ ಮಾತೂ ನಿಜ, ಔಷಧದ ದಾರಿ ತೆರೆಯಿತು ಎಂಬುದೂ ನಿಜ. ಒಂದನ್ನು ಇನ್ನೊಂದರಿಂದ ಕಳೆದು ಶೇಷ ತೆಗೆಯುವ ಲೆಕ್ಕ ನನಗಂತೂ ಬರುವುದಿಲ್ಲ.

ನಮ್ಮ ಕಾಸರಗೋಡಿನ ಓದುಗರಿಗೆ ಸಹಾಯಾರ್ಥ ರಾತ್ರಿ ಹೊಸತೇನಲ್ಲ. ಟಿ.ವಿ. ಬರುವ ಮೊದಲೇ ಸಹಾಯಾರ್ಥ ಯಕ್ಷಗಾನ ನಮ್ಮಲ್ಲಿತ್ತು. ಶಾಲೆಯ ಮಾಡಿಗೆ ಹೆಂಚು ಹೊದೆಸಬೇಕು, ಭಜನಾಮಂದಿರದ ಜೀರ್ಣೋದ್ಧಾರವಾಗಬೇಕು, ಯಾರದೋ ಚಿಕಿತ್ಸೆಗೆ ಹಣ ಸಾಲದು ಎಂದಾಗ ಊರಿನ ನಾಲ್ಕು ಜನ ಸಮಿತಿ ಮಾಡಿಕೊಳ್ಳುತ್ತಾರೆ. ಮೇಳದ ಯಜಮಾನರೊಡನೆ ಮಾತಾಡಿ ಒಂದು ರಾತ್ರಿಯ ಆಟವನ್ನು ಗೊತ್ತು ಮಾಡುತ್ತಾರೆ. ಟಿಕೇಟು ಪುಸ್ತಕ ಹಿಡಿದು ಮನೆಮನೆ ಹತ್ತಿ ಇಳಿಯುತ್ತಾರೆ. ಮೇಳಕ್ಕೆ ಸಲ್ಲಬೇಕಾದದ್ದು ಸಂದು ಉಳಿದ ಹಣ ಉದ್ದೇಶಕ್ಕೆ ಹೋಗುತ್ತದೆ. ಟಿಕೇಟು ಕೊಂಡವರು ತಾವು ದಾನ ಕೊಟ್ಟೆವೆಂದು ಬೀಗಬೇಕಾಗಿಲ್ಲ, ಅವರಿಗೆ ಒಂದು ಪ್ರಸಂಗ ಸಿಕ್ಕಿದೆ. ನೆರವು ಪಡೆದವರು ರಂಗಸ್ಥಳಕ್ಕೆ ಬಂದು ತಮ್ಮ ಗಾಯ ತೋರಿಸಬೇಕಾಗಿಲ್ಲ, ಅಲ್ಲಿ ಅಳುವುದಕ್ಕೆ ದಮಯಂತಿ ಇದ್ದಾಳೆ, ಚಂದ್ರಮತಿ ಇದ್ದಾಳೆ.

ನಮ್ಮ ಮಲಯಾಳಿ ಓದುಗರಿಗೆ ವಡಗರದ ಕಡೆಯ ‘ಪಣಂಪಯಟ್ಟು’ ಗೊತ್ತಿರುತ್ತದೆ. ಹಣದ ಅಗತ್ಯ ಬಿದ್ದವರು ನೆಂಟರಿಷ್ಟರನ್ನು, ನೆರೆಯವರನ್ನು ಚಹಾ ತಿಂಡಿಗೆ ಕರೆಯುತ್ತಾರೆ. ಬಂದವರು ತಮಗಾದಷ್ಟು ಹಣ ಕೊಡುತ್ತಾರೆ, ಅದು ಪುಸ್ತಕದಲ್ಲಿ ದಾಖಲಾಗುತ್ತದೆ. ಮುಂದೆ ಕೊಟ್ಟವರ ಸರದಿ ಬಂದಾಗ ಅದನ್ನು ಹಿಂತಿರುಗಿಸಬೇಕು, ಸಾಧ್ಯವಿದ್ದರೆ ಸ್ವಲ್ಪ ಸೇರಿಸಿಯೇ. ಇಲ್ಲಿ ಬೇಡುವವರೂ ಇಲ್ಲ, ನೀಡುವವರೂ ಇಲ್ಲ. ಇಂದು ಕೊಡುವವರು, ನಾಳೆ ಕೊಡುವವರು ಎಂಬುದಷ್ಟೇ ಭೇದ.

ಹಾಗೆಂದು ಊರಿನ ವ್ಯವಸ್ಥೆಯನ್ನು ಅಟ್ಟಕ್ಕೇರಿಸುವ ಇರಾದೆ ನನಗಿಲ್ಲ. ಆಟದ ನಡುವೆ ಚೆಂಡೆ ನಿಲ್ಲಿಸಿ, ಶಾಲು ಹೊದೆಸಿ, ಒಂದು ಗಂಟೆ ಭಾಷಣ ಬಿಗಿದು ದಾನಿಗಳ ಹೆಸರು ಓದುವುದನ್ನು ನಾವೆಲ್ಲ ಸಹಿಸಿದ್ದೇವೆ. ಇಲ್ಲವೆನ್ನಲಾಗದ ಸಣ್ಣ ಅಂಗಡಿಯವರಿಗೆ ಐದು ಟಿಕೇಟು ಹಚ್ಚುವುದೂ ಉಂಟು. ಪಣಂಪಯಟ್ಟಿನ ಬಾಕಿ ತೀರಿಸಲು ಸಾಲ ಮಾಡಿದವರೂ ಇರುತ್ತಾರೆ. ಊರಿಗೆ ಬೇಡವಾದವರಿಗೆ ಊರಿನ ಸಮಿತಿ ಹುಟ್ಟುವುದಿಲ್ಲ. ಯಾರೂ ಇಲ್ಲದವರ ಮುಖವನ್ನು ಟಿ.ವಿ. ಲಕ್ಷ ಜನರಿಗೆ ತೋರಿಸಬಲ್ಲುದು. ಅದರ ಶಕ್ತಿ ಅಲ್ಲಿದೆ. ವ್ಯತ್ಯಾಸವಿರುವುದು ಬೇರೆಡೆ: ಊರಲ್ಲಿ ಕೊಟ್ಟವರು, ಪಡೆದವರು ಮರುದಿನ ಒಂದೇ ಪೇಟೆಯಲ್ಲಿ, ಒಂದೇ ಬಸ್ಸಿನಲ್ಲಿ ಎದುರಾಗುತ್ತಾರೆ. ಆ ಎದುರಾಗುವಿಕೆಯ ಸಂಕೋಚವೇ ಇಬ್ಬರ ಮರ್ಯಾದೆಯನ್ನೂ ಕಾಯುತ್ತದೆ. ಪರದೆಯಲ್ಲಿ ಒಬ್ಬರ ಮುಖ ಮಾತ್ರ ಕಾಣುತ್ತದೆ. ನೋಡುತ್ತ ಕುಳಿತವರ ಮುಖ ಆ ಮಗುವಿಗೆ ಎಂದೂ ಕಾಣುವುದಿಲ್ಲ.

ಬಿಬಿಸಿಯಲ್ಲಿ 1988ರಿಂದ ನಡೆದುಬಂದ ‘ಕೆಂಪು ಮೂಗಿನ ದಿನ’ದ ‘ಕಾಮಿಕ್ ರಿಲೀಫ್’ ಸಂಸ್ಥೆಗೂ ಈ ಮಾತು ತಟ್ಟಿತು. ಪ್ರಸಿದ್ಧರನ್ನು ಆಫ್ರಿಕಕ್ಕೆ ಕಳಿಸಿ, ಅಲ್ಲಿನ ಮಗುವನ್ನು ಎತ್ತಿಕೊಂಡ ಚಿತ್ರ ತೋರಿಸುವ ಪದ್ಧತಿಯನ್ನು ಸಂಸತ್ ಸದಸ್ಯ ಡೇವಿಡ್ ಲ್ಯಾಮಿ 2019ರಲ್ಲಿ ಕಟುವಾಗಿ ಟೀಕಿಸಿದರು. 2020ರಲ್ಲಿ ಸಂಸ್ಥೆ ಆ ಪದ್ಧತಿಯನ್ನು ಕೈಬಿಡುವುದಾಗಿ ಪ್ರಕಟಿಸಿತು. ವಿಮರ್ಶೆಯಿಂದ ಏನೂ ಆಗುವುದಿಲ್ಲ ಎನ್ನುವವರು ಇದನ್ನು ಗಮನಿಸಬಹುದು.

2018ರ ಆಗಸ್ಟಿನಲ್ಲಿ ಕೇರಳ ಮುಳುಗಿದಾಗ ಎನ್‌ಡಿಟಿವಿ ಆರು ಗಂಟೆಗಳ ಟೆಲಿಥಾನ್ ನಡೆಸಿ 10 ಕೋಟಿಗೂ ಹೆಚ್ಚು ರೂಪಾಯಿ ಕೂಡಿಸಿತು. ಅದೇ ಮಳೆಗೆ ಕೊಡಗಿನ ಗುಡ್ಡಗಳೂ ಕುಸಿದವು. ಮಲಯಾಳ ವಾಹಿನಿಗಳಲ್ಲಿ ಒಂದು ದುಃಖ, ಕನ್ನಡ ವಾಹಿನಿಗಳಲ್ಲಿ ಇನ್ನೊಂದು. ಎರಡನ್ನೂ ನೋಡಬಲ್ಲ ನಾವು ರಿಮೋಟ್ ಹಿಡಿದು ಅತ್ತಿತ್ತ ಹೊರಳಿದೆವು. ಒಂದೇ ಮೋಡದ ನೀರಿಗೆ ರಾಜ್ಯದ ಗಡಿ ಬಿದ್ದದ್ದನ್ನು ನಮ್ಮಷ್ಟು ಸ್ಪಷ್ಟವಾಗಿ ಕಂಡವರು ಕಡಿಮೆ. ಅನುಕಂಪಕ್ಕೂ ಪ್ರಸಾರದ ವ್ಯಾಪ್ತಿಯೆಂಬುದಿದೆ. ತಿರುವನಂತಪುರಕ್ಕೆ ನಾವು ಕೊನೆಯ ಜಿಲ್ಲೆ, ಬೆಂಗಳೂರಿಗೆ ಗಡಿಯಾಚೆಯವರು.

ನಮ್ಮದೇ ದುಃಖ ಪರದೆಗೆ ಬಂದದ್ದು ಎಂಡೋಸಲ್ಫಾನಿನಿಂದ. ತೋಟಗಾರಿಕಾ ನಿಗಮದ ಗೇರುತೋಟಗಳ ಮೇಲೆ ಸುಮಾರು ಎರಡು ದಶಕ, 2000ದ ತನಕ, ಹೆಲಿಕಾಪ್ಟರಿನಿಂದ ವಿಷ ಸಿಂಪಡಿಸಿದ್ದು, ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ, ಮುಳಿಯಾರುಗಳ ಮನೆಗಳಲ್ಲಿ ಮಕ್ಕಳು ನರಳಿದ್ದು ಇಲ್ಲಿನವರಿಗೆ ಹೇಳಬೇಕಾದ ಕಥೆಯಲ್ಲ. ಛಾಯಾಗ್ರಾಹಕ ಮಧುರಾಜ್ ಅವರ ಚಿತ್ರಗಳು ಬಾರದಿದ್ದರೆ ಹೊರಗಿನ ಲೋಕ ನಂಬುತ್ತಿತ್ತೋ ಇಲ್ಲವೋ. ಆ ಋಣ ಇದ್ದೇ ಇದೆ. ಆದರೆ ಕ್ಯಾಮೆರಾಗಳು ಒಂದರ ಹಿಂದೊಂದು ಬಂದವು. ತುಳುವಿನಲ್ಲೋ ಕನ್ನಡದಲ್ಲೋ ತಾಯಿ ಉದ್ದಕ್ಕೆ ಹೇಳಿದ್ದು ಪರದೆಯಲ್ಲಿ ಮಲಯಾಳದ ಎರಡು ಸಾಲಾಯಿತು. ಹೇಳಿದ್ದರಲ್ಲಿ ಸಿಟ್ಟಿತ್ತು, ಪರದೆಯಲ್ಲಿ ಸಂಕಟ ಮಾತ್ರ ಉಳಿಯಿತು. ಡಾ. ಬಿಜು ಅವರ ‘ವಲಿಯ ಚಿರಕುಳ್ಳ ಪಕ್ಷಿಗಳ್’ (2015) ಪ್ರಾಮಾಣಿಕ ಚಲನಚಿತ್ರ. ಅದರಲ್ಲಿಯೂ ಕೇಂದ್ರದಲ್ಲಿರುವವನು ಚಿತ್ರ ತೆಗೆಯುವವನೇ, ಚಿತ್ರದೊಳಗಿನವರಲ್ಲ.

ಸಹಾಯನಿಧಿಯ ರಾತ್ರಿಗಳ ಬಗ್ಗೆ ನನ್ನ ದೊಡ್ಡ ತಕರಾರು ಇಲ್ಲಿಯೇ. ನೆರೆಗೆ ಯಾರನ್ನು ದೂರಲಿ ಎನ್ನಬಹುದೇನೋ. ವಿಷ ಮಾತ್ರ ತಾನಾಗಿ ಸುರಿಯಲಿಲ್ಲ. ಕೊಡಬೇಕಾದವರು ಯಾರೆಂದು ಗೊತ್ತಿರುವಾಗ ದೇಣಿಗೆ ಕೇಳಿದರೆ, ಸಲ್ಲಬೇಕಾದ ಬಾಕಿ ಭಿಕ್ಷೆಯಾಗಿ ಮಾರ್ಪಡುತ್ತದೆ, ಬಾಕಿದಾರ ದಾನಿಗಳ ಸಾಲಿನಲ್ಲಿ ಕೂರುತ್ತಾನೆ. ಪ್ರತಿ ಸಂತ್ರಸ್ತರಿಗೂ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಡಬೇಕೆಂದು ಸುಪ್ರೀಂ ಕೋರ್ಟು 2017ರ ಜನವರಿ 10ರಂದು ಆಜ್ಞಾಪಿಸಿತು. 2022ರ ಮೇ ತಿಂಗಳಲ್ಲಿ ಅದೇ ಕೋರ್ಟು ಮತ್ತೆ ವಿಚಾರಿಸಿದಾಗ, 3,704 ಮಂದಿಯಲ್ಲಿ ಹಣ ಮುಟ್ಟಿದ್ದು ಎಂಟು ಮಂದಿಗೆ. ಆ ಎಂಟು ಮಂದಿ ಕೋರ್ಟಿನ ಬಾಗಿಲು ತಟ್ಟಿದವರು. ಹಂಚಿಕೆಗೆ ವೇಗ ಬಂದದ್ದು ಆ ಬಳಿಕ.

ಈ ನಡುವೆ, 2019ರ ಜನವರಿಯ ಕೊನೆಗೆ, ತಾಯಂದಿರು ಮಕ್ಕಳನ್ನು ಕರೆದುಕೊಂಡು ಐನೂರಕ್ಕೂ ಹೆಚ್ಚು ಕಿಲೋಮೀಟರು ಪಯಣಿಸಿ ತಿರುವನಂತಪುರದ ಸೆಕ್ರೆಟರಿಯೇಟಿನ ಎದುರು ಉಪವಾಸ ಕುಳಿತರು. ಟಿ.ವಿ.ಯವರು ಅಲ್ಲಿಗೂ ಬಂದರು, ಅವೇ ಮುಖಗಳನ್ನು ತೋರಿಸಿದರು. ಆದರೆ ಈ ಸಲ ಎಲ್ಲಿ ಕೂರಬೇಕು, ಯಾರ ಮುಂದೆ ಕೂರಬೇಕು ಎಂಬುದನ್ನು ತೀರ್ಮಾನಿಸಿದವರು ಆ ತಾಯಂದಿರು. ಪರದೆಯ ಕೆಳಗೆ ಬ್ಯಾಂಕಿನ ಖಾತೆಯ ಸಂಖ್ಯೆ ಇರಲಿಲ್ಲ. ಮುಖ್ಯಮಂತ್ರಿಗಳೊಡನೆ ಮಾತುಕತೆಯಾದ ಮೇಲೆ ಎದ್ದು ಊರಿಗೆ ಮರಳಿದರು.