ಏಣಿಯಲ್ಲ, ಮರ: ‘ಕರ್ವಾಲೊ’ ಕುರಿತು

ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ಕಾದಂಬರಿಯು ವಿಶ್ವಾಸ–ವಿಜ್ಞಾನಗಳ ಸಂವಾದಕ್ಕೆ ತಕ್ಕ ಪಠ್ಯ. ಆದರೆ ಅದನ್ನು ಎಚ್ಚರದಿಂದ ಓದಬೇಕು. ವಿಜ್ಞಾನಿ ಕರ್ವಾಲೊ ಅರಸಿ ಹೊರಡುವ ಹಾರುವ ಓತಿಯು ಅಲ್ಲಿ ಯುಗಾಂತರಗಳ ಹಿಂದಿನ ಜೀವಿಯಂತೆ ತೋರುತ್ತದೆ. ಓದುಗನು ಅದನ್ನು ಸರೀಸೃಪಕ್ಕೂ ಹಕ್ಕಿಗೂ ನಡುವಣ ಮೆಟ್ಟಿಲೆಂದು ಭಾವಿಸುವ ಸಂಭವವಿದೆ.

ಜೀವಿಗಳ ವಂಶವೃಕ್ಷ ಹಾಗೆ ಹೇಳುವುದಿಲ್ಲ. ಹಕ್ಕಿಯ ರೆಕ್ಕೆ ಮಾರ್ಪಟ್ಟ ಮುಂಗಾಲು. ಓತಿಯದು ನೀಳ ಪಕ್ಕೆಲುಬುಗಳ ಮೇಲೆ ಹರಡಿದ ಚರ್ಮ. ಕಾರ್ಯದಲ್ಲಿ ಹೋಲಿಕೆ, ಮೂಲದಲ್ಲಿ ಭೇದ. ಚಿಕ್ಕೋಡಿ, ಅಥಣಿಗಳ ಬೇಲಿಗಳಲ್ಲಿ ತಲೆಯಾಡಿಸುವ ಓತಿಕ್ಯಾತವು ಹಾರುವ ಓತಿಯ ಕುಟುಂಬಕ್ಕೇ ಸೇರಿದ್ದು. ವಂಶವೃಕ್ಷ ರಚಿಸುವವರು ಹೊರಗಿನ ಹೋಲಿಕೆಗೆ ಮರುಳಾಗದೆ, ಒಂದೇ ಪೂರ್ವಜನಿಂದ ಬಂದ ವಿಶಿಷ್ಟ ಲಕ್ಷಣಗಳನ್ನೂ ಡಿಎನ್‌ಎಯನ್ನೂ ಹೋಲಿಸಿ ನೋಡುತ್ತಾರೆ. ಇಂದಿನ ಒಂದು ಜೀವಜಾತಿ ಮತ್ತೊಂದರ ಅಜ್ಜನಲ್ಲ, ದಾಯಾದಿ.

‘ಮನುಷ್ಯ ಮಂಗನಿಂದ ಬಂದನೇ?’ ಎಂದು ಭಕ್ತರು ಕೇಳಿದಾಗ ಏಣಿಯನ್ನು ಖಂಡಿಸಿ ಫಲವಿಲ್ಲ. ವಿಜ್ಞಾನ ತೋರಿಸುತ್ತಿರುವುದು ಮರವನ್ನು. 1996ರಲ್ಲಿ ಪೋಪ್ ಎರಡನೆಯ ಜಾನ್ ಪೌಲರು ವಿಕಾಸವಾದವು ಬರಿಯ ಊಹೆಗಿಂತ ಮಿಗಿಲೆಂದರು. ಆತ್ಮವನ್ನು ಜಡದ ಉತ್ಪನ್ನವೆನ್ನುವ ವಾದವನ್ನು ಮಾತ್ರ ನಿರಾಕರಿಸಿದರು. ಆದಿಕಾಂಡದ ಎರಡನೆಯ ಅಧ್ಯಾಯದಲ್ಲಿ ಮನುಷ್ಯನೂ ಮೃಗಪಕ್ಷಿಗಳೂ ಮಣ್ಣಿನಿಂದಲೇ ರೂಪುಗೊಂಡವರು. ಮನುಷ್ಯನ ಘನತೆ ಅವನಿರುವ ಕೊಂಬೆಯ ಎತ್ತರದಿಂದ ಬಂದುದಲ್ಲ, ದೇವರ ಕರೆಯಿಂದ ಬಂದುದು.

ಕಾದಂಬರಿಯ ಕೊನೆಗೆ ಓತಿ ಕಣಿವೆಯತ್ತ ತೇಲಿ ಕೈತಪ್ಪುತ್ತದೆ. ಕೃತಿಯ ಹಿರಿಮೆ ಇಲ್ಲಿದೆ: ಅರಿಯಲು ಹೊರಟವನು ಸೃಷ್ಟಿಯ ಮುಂದೆ ಬರಿಗೈಯಲ್ಲಿ, ಆದರೂ ಬೆರಗಿನಿಂದ ನಿಲ್ಲುತ್ತಾನೆ. ದೈವಶಾಸ್ತ್ರವನ್ನು ಕಲಿಯುವವನಿಗೂ ಕಲಿಸುವವನಿಗೂ ಈ ವಿನಯ ಬೇಕು.